ನೀರಗಂಟಿ ಶಿವಯ್ಯನ ಗ್ಯಾಸ್ಟ್ರಿಕ್

ನಮ್ಮ ಕಡೆಯ ಜನಕ್ಕೆ ಬರುವ ಕಾಯಿಲೆ ಮೂರೇ ಮೂರು. ಶುಗರ್, ಬಿಪಿ, ಗ್ಯಾಸ್ಟ್ರಿಕ್. ಮೊದಲಿನ ಎರಡಕ್ಕೆ ಮಿಷನ್ ಇದೆ, ಅಳೆದು ಹೇಳುತ್ತದೆ. ಮೂರನೆಯದಕ್ಕೆ ಮಿಷನ್ ಇಲ್ಲವಾದ್ದರಿಂದ ಅಳತೆಗೆ ಸಿಗದ್ದನ್ನೆಲ್ಲ ಅದರ ತಲೆಗೆ ಕಟ್ಟುತ್ತಾರೆ. ಎದೆ ಹಿಡಿದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್. ಮಗಳು ಹೇಳದೆ ಕೇಳದೆ ಮದುವೆಯಾದ ವಾರ ಅಪ್ಪನಿಗೆ ಊಟ ಸೇರದಿದ್ದರೆ ಅದೂ ಗ್ಯಾಸ್ಟ್ರಿಕ್ಕೇ. ದುದ್ದದ ಬಸ್‌ಸ್ಟ್ಯಾಂಡಿನ ಎದುರು ಮೆಡಿಕಲ್ ಸ್ಟೋರ್ ಇಟ್ಟಾಗಿನಿಂದ ಈ ಒಂದು ಪದ ಕೇಳಿ ಕೇಳಿ ನನಗೇ ಗ್ಯಾಸ್ಟ್ರಿಕ್ ಬಂದಿದೆ.

ನನ್ನ ಹೆಸರು ಆಶಾರಾಣಿ. ಕೋಪ ಮೂಗಿನ ತುದಿಯಲ್ಲಿ ಅಂತ ಊರವರ ದೂರು. ಇರಬಹುದು. ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಕೊಡಿ ಅಂದವರಿಗೆ ಬೈದು ಕಳಿಸಿದ್ದೇನೆ, ಮಗುವಿಗೆ ದೊಡ್ಡವರ ಮಾತ್ರೆ ಅರ್ಧ ಮುರಿದು ಕೊಟ್ಟ ತಾಯಂದಿರಿಗೂ ಬೈದಿದ್ದೇನೆ. ಆದರೆ ಯಾರ ಮನೆಯಲ್ಲಿ ಯಾರು ಏನು ನುಂಗುತ್ತಾರೆ ಅನ್ನುವುದನ್ನು ಮಾತ್ರ ಕೌಂಟರ್ ದಾಟಿ ಆಚೆಗೆ ಬಿಟ್ಟವಳಲ್ಲ. ಶಿವಯ್ಯನ ವಿಷಯ ಈಗ ಬರೆಯುತ್ತಿರುವುದು ಅವನೇ ಬರೆಯಿರಿ ಅಂದಿದ್ದಕ್ಕೆ. "ಬರೀರಿ ಮೇಡಂ, ಇನ್ನೊಬ್ರ ಮನೇಲಾದ್ರೂ ನಿಜ ಮಾತಾಡ್ಲಿ" ಅಂದ.

ಬಸವನಕೊಪ್ಪಲು ದುದ್ದದಿಂದ ಸ್ಕೂಟರಿನಲ್ಲಿ ಹತ್ತು ನಿಮಿಷದ ದಾರಿ. ಶಿವಯ್ಯ ಆ ಊರಿನ ನೀರಗಂಟಿ. ಅವನಪ್ಪ ಹುಚ್ಚಯ್ಯ ಕೆರೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುತ್ತಿದ್ದ ನೀರಗಂಟಿ. ಶಿವಯ್ಯನ ಕಾಲಕ್ಕೆ ಗದ್ದೆಯ ನೀರು ಹೋಗಿ ಕುಡಿಯುವ ನೀರು ಬಂತು; ಬೋರ್‌ವೆಲ್, ಮೇಲೊಂದು ಸಿಮೆಂಟ್ ಟ್ಯಾಂಕು, ಬೀದಿಗೊಂದು ವಾಲ್ವ್. ಪಂಚಾಯಿತಿಯವರು ಅವನನ್ನು ವಾಟರ್‌ಮನ್ ಅಂದರು, ಊರು ಮಾತ್ರ ನೀರಗಂಟಿ ಅನ್ನುವುದನ್ನು ಬಿಡಲಿಲ್ಲ. ವಾಲ್ವ್ ತಿರುಗಿಸಲು ಸೊಂಟದೆತ್ತರದ ಕಬ್ಬಿಣದ ಕೀಲಿ ಬೇಕು. ಪಂಚಾಯಿತಿ ಕೊಟ್ಟದ್ದು ಬೇಡವೆಂದು ಅಪ್ಪನ ತೂಬಿನ ಸಲಾಕೆಯನ್ನೇ ಕುಲುಮೆಗೆ ಕೊಟ್ಟು ಬಗ್ಗಿಸಿ ಕೀಲಿ ಮಾಡಿಸಿಕೊಂಡಿದ್ದ. ಅದನ್ನು ಹೆಗಲ ಮೇಲಿಟ್ಟು ನಡೆದು ಬರುವಾಗ ಅವನ ನಡಿಗೆಯೇ ಬೇರೆ. ಕೆಳಗಿನ ಬೀದಿಯ ತಾನು ಬಾರದೆ ಮೇಲಿನ ಬೀದಿಯ ದೊಡ್ಡ ಮನೆಗಳಿಗೆ ಒಂದು ಬಿಂದಿಗೆ ನೀರು ಬರುವುದಿಲ್ಲ ಅನ್ನುವುದು ಅವನಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆ ಕೀಲಿ ಹೋದರೆ ಶಿವಯ್ಯ ಹೋದಂತೆ ಅಂತ ಅವನ ಹೆಂಡತಿ ಭಾನುಪ್ರಿಯಾ ಯಾವಾಗಲೂ ಅನ್ನುತ್ತಿದ್ದಳು.

ಮನೆಮನೆಗೂ ನಲ್ಲಿ ಬಂದ ಮೇಲೆ ಅವನ ಕಷ್ಟ ಶುರುವಾಯಿತು. ಮೊದಲು ಬೀದಿಗೊಂದೇ ನಲ್ಲಿ ಇದ್ದಾಗ ಹೆಂಗಸರು ಒಬ್ಬರಿಗೊಬ್ಬರು ಬೈದುಕೊಳ್ಳುತ್ತಿದ್ದರು. ಈಗ ಎಲ್ಲರೂ ಸೇರಿ ಒಬ್ಬನಿಗೆ ಬೈಯತೊಡಗಿದರು. ಕೋಳಿ ಕೂಗುವ ಮೊದಲೇ ಅವನ ಫೋನ್ ಕೂಗುತ್ತಿತ್ತು. ಕರೆಂಟ್ ಹೋದರೂ ಅವನೇ, ಮೋಟಾರ್ ಸುಟ್ಟರೂ ಅವನೇ, ನೀರು ಕೆಂಪಗೆ ಬಂದರೂ ಅವನೇ. ಮೇಲಿನ ಬೀದಿಯ ಚನ್ನಪ್ಪನವರಂತೂ, ತೆಂಗಿನಕಾಯಿ ವ್ಯಾಪಾರದ ಸಿಟ್ಟನ್ನೂ ಸೇರಿಸಿ, "ಲೇ ಶಿವ, ಏನ್ಲಾ ನಿಮ್ಮಪ್ಪನ್ ಮನೆ ನೀರಾ?" ಅಂತ ಬೆಳಗಾಗೆದ್ದು ಮಂಗಳಾರತಿ ಎತ್ತುತ್ತಿದ್ದರು. ಶಿವಯ್ಯ ತಿರುಗಿ ಮಾತಾಡಿದವನಲ್ಲ. ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡ. ಹೀಗೆ ವರ್ಷಗಟ್ಟಲೆ ಹಾಕಿಕೊಂಡಿದ್ದಕ್ಕೋ ಏನೋ, ಅವನು ನನ್ನ ಅಂಗಡಿಗೆ ಮೊದಲು ಬಂದದ್ದೂ ಹೊಟ್ಟೆ ಹಿಡಿದುಕೊಂಡೇ.

"ಗ್ಯಾಸ್ಟ್ರಿಕ್ ಮೇಡಂ. ಉರಿ. ಏನಾರ ಕೊಡಿ" ಅಂದ. ಸಿರಪ್ ಕೊಟ್ಟೆ. ಮುಗಿಸಿಕೊಂಡು ಮತ್ತೆ ಬಂದ, ಮತ್ತೆ ಬಂದ. ಬರುಬರುತ್ತಾ ಮುಖ ಇಳಿಯಿತು, ಅಂಗಿ ದೊಗಳೆಯಾಯಿತು. ಕೌಂಟರಿನ ಮೇಲಿಟ್ಟ ಫೋನ್ ಒಮ್ಮೆ ಅಲುಗಿದರೆ ಸಾಕು, ಮೈಯೆಲ್ಲ ಬೆಚ್ಚುತ್ತಿತ್ತು. ಒಂದು ದಿನ ಚಿಲ್ಲರೆ ತೆಗೆದುಕೊಳ್ಳುವುದನ್ನೂ ಮರೆತು, ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಾ ನಿಂತುಬಿಟ್ಟ. ಕಣ್ಣಲ್ಲಿ ನೀರು ತಾನಾಗಿ ಇಳಿಯುತ್ತಿತ್ತು, ಅವನಿಗೆ ಅದರ ಅರಿವೂ ಇದ್ದಂತಿರಲಿಲ್ಲ. ಭಾನುಪ್ರಿಯಾಳನ್ನು ಕರೆಸಿ, "ಇನ್ನು ಸಿರಪ್ ಕೇಳಿಕೊಂಡು ಬಂದರೆ ಬಾಟಲಿ ತಲೆ ಮೇಲೆ ಒಡೆಯುತ್ತೇನೆ. ಇದು ಹೊಟ್ಟೆಯದಲ್ಲ. ನಾಳೆಯೇ ಹಾಸನಕ್ಕೆ ಕರೆದುಕೊಂಡು ಹೋಗು, ಮನಸ್ಸಿನ ಡಾಕ್ಟರಿಗೆ ತೋರಿಸು" ಅಂದೆ. ಅವಳು ಹೆದರಿದಳು, ಆದರೂ ಕರೆದುಕೊಂಡು ಹೋದಳು. ಗಟ್ಟಿಗಿತ್ತಿ.

ಹಾಸನದ ಡಾಕ್ಟರಮ್ಮ ಯಾರೋ ಪುಣ್ಯಾತ್ಗಿತ್ತಿ. ಏನು ಕೆಲಸ ಅಂತ ಮೊದಲು ಕೇಳಿ, ಅವನ ಕೆಲಸದ ಮಾತಿನಲ್ಲೇ ಎಲ್ಲವನ್ನೂ ಬಿಡಿಸಿ ಹೇಳಿ ಕಳಿಸಿದ್ದರು. ಸಾಯಂಕಾಲ ಬಸ್ಸಿಳಿದವನೇ ಚೀಟಿ ಹಿಡಿದುಕೊಂಡು ನನ್ನ ಅಂಗಡಿಗೆ ಬಂದು, ಎಷ್ಟೋ ತಿಂಗಳ ಮೇಲೆ ಸ್ವಲ್ಪ ಗೆಲುವಾಗಿ ಮಾತಾಡಿದ.

"ಮೇಡಂ, ತಲೆವೊಳ್ಗೂ ವಾಲ್ವ್ ಅವಂತೆ ಕಣ್ರೀ!"

"ಹೌದಾ? ಏನಂದರು?"

"ಭಯ ಆದಾಗ ಮೈನಲ್ಲಿ ಒಂದು ರಸ ಏಳ್ತದಂತೆ. ನಾಗರಾವು ಕಂಡ್ರೆ ಏಳ್ಬೇಕು, ಆವು ಓದ್ಮೇಲೆ ಇಳೀಬೇಕು. 'ನಿಮ್ಗೆ ಆವು ಓಗೇ ಇಲ್ಲ, ಜೇಬಲ್ಲೇ ಇಟ್ಕಂಡು ತಿರುಗ್ತಿದ್ದೀರಿ' ಅಂದ್ರು, ಪೋನ್ ತೋರ್ಸಿ. ವರ್ಸಾನುಗಟ್ಲೆ ಆ ರಸ ಇಳೀದಿದ್ರೆ ಮೆದುಳಿನ ನರದ ಕವಲು ಮುದುರ್ಕೋತವಂತೆ."

ಇದರ ಮುಂದಿನದನ್ನು ಅವನು ಕೌಂಟರಿನ ಮೇಲೆ ಬೆರಳಿನಿಂದ ಪೈಪ್ ಬರೆದು ತೋರಿಸಿದ. ಒಂದು ನರ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ನಡುವಿನ ಸಂದಿಗೆ ರಸ ಬಿಟ್ಟು. ಅಂಥ ರಸಗಳಲ್ಲಿ ಒಂದರ ಹೆಸರು ಸೆರೊಟೋನಿನ್. ಬಿಟ್ಟ ನರವೇ ಅದನ್ನು ಸ್ವಲ್ಪ ಹೊತ್ತಿಗೆ ವಾಪಸ್ ಎಳೆದುಕೊಳ್ಳುತ್ತದೆ. ಮಾತ್ರೆ ಆ ವಾಪಸ್ ಎಳೆಯುವ ಬಾಯನ್ನು ಮುಚ್ಚುತ್ತದೆ, ರಸ ಸಂದಿಯಲ್ಲಿ ಇನ್ನಷ್ಟು ಹೊತ್ತು ನಿಲ್ಲುತ್ತದೆ. ಇಷ್ಟು ಕೆಲಸ ನುಂಗಿದ ದಿನವೇ ಶುರು. ಆದರೆ ಮನಸ್ಸಿಗೆ ಗೊತ್ತಾಗುವುದಕ್ಕೆ ವಾರಗಳು ಬೇಕು. ನರಗಳು ಹೊಸ ಹದಕ್ಕೆ ಒಗ್ಗಬೇಕು, ಮುದುಡಿದ ಕವಲು ಮತ್ತೆ ಚಿಗುರಬೇಕು. ಹೇಗೆ ಚಿಗುರುತ್ತದೆ ಅನ್ನುವುದು ನಮಗೂ ಪೂರ್ತಿ ತಿಳಿದಿಲ್ಲ ಅಂತ ಡಾಕ್ಟರಮ್ಮನೇ ಒಪ್ಪಿಕೊಂಡರಂತೆ. ಆ ಒಂದು ಮಾತಿಗೆ ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು.

"ಅದು ನನ್ಗೆ ಗೊತ್ತಿರೋದೇಯ" ಅಂದ ಶಿವಯ್ಯ. "ನಾನು ವಾಲ್ವ್ ತಿರುವ್ದೇಟ್ಗೆ ಕೊನೇ ಮನೇಗೆ ನೀರ್ ಬತ್ತದಾ? ಮೊದ್ಲು ಪೈಪ್ ತುಂಬ್ಬೇಕು. ನಿಲ್ಸೋವಾಗ್ಲೂ ಅಂಗೇಯ. ಒಂದೇ ಏಟ್ಗೆ ಮುಚ್ಬುಟ್ರೆ ಪೈಪ್ ಒಡೀತದೆ. ಮಾತ್ರೇನೂ ಅಂಗೇ ಬುಡ್ಬಾರ್ದಂತೆ. ಅವ್ರೇ ಯೋಳಿ ಕಮ್ಮಿ ಮಾಡ್ತಾರಂತೆ, ಒಂದೊಂದ್ ಸುತ್ತು."

ಇಷ್ಟು ಚೆನ್ನಾಗಿ ತಿಳಿದುಕೊಂಡವನನ್ನು ನಾನು ನೋಡಿರಲಿಲ್ಲ. ಮಾತ್ರೆ ಕೊಟ್ಟೆ. ಹೊರಡುವಾಗ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಭಾನುಪ್ರಿಯಾ ದನಿ ತಗ್ಗಿಸಿ, "ಮೇಡಂ, ನಮ್ಮತ್ತೆ ಏನಾರ ಬಂದು ಕೇಳಿದ್ರೆ ಗ್ಯಾಸ್ಟ್ರಿಕ್ ಮಾತ್ರೆ ಅನ್ನಿ" ಅಂದಳು.

ನನಗೆ ರೇಗಿತು. "ಮನೆಯವರಿಗೇ ಯಾಕೆ ಸುಳ್ಳು?" ಅಂದೆ. ಕಾರಣ ಶಿವಯ್ಯ ಹೇಳಿದ. ಅವನಪ್ಪನಿಗಿಂತ ಮೊದಲು ಹುಟ್ಟಿದ ಕೂಸುಗಳು ಉಳಿಯದೆ, ಇದಾದರೂ ಉಳಿಯಲಿ, ಯಮನಿಗೂ ಬೇಡವಾಗಲಿ ಅಂತ ಇಟ್ಟ ಹೆಸರು ಹುಚ್ಚಯ್ಯ. ನಮ್ಮ ಕಡೆ ಇಂಥ ಹೆಸರು ಬೇಕಾದಷ್ಟಿವೆ. ಹೆಸರು ಅವನನ್ನು ಉಳಿಸಿತು, ಆದರೆ ಒಂದು ದಿನ ಕೆರೆಯ ತೂಬಿನ ಹತ್ತಿರ ಕಾಲು ಜಾರಿ ನೀರಿಗೆ ಬಿದ್ದು ಹೋಗಿಬಿಟ್ಟ. ಆಗ ಶಿವಯ್ಯ ಇನ್ನೂ ಹೈಸ್ಕೂಲು. "ಅಪ್ಪ ಉಚ್ಚಯ್ಯ, ಮಗ ತಲೆಗೆ ಮಾತ್ರೆ ತಗೋತಾನೆ ಅಂದ್ರೆ ಊರು ಸುಮ್ಕಿರ್ತದಾ ಮೇಡಂ? ಕೀಲಿ ಕಿತ್ಕೋತಾರೆ. ಊರು ಸಾಯ್ಲಿ, ನಮ್ಮವ್ವ ತಡ್ಕತಾಳಾ? ಒಬ್ನ ಕಳ್ಕಂಡವ್ಳು." ಸರಿ, ಹಾಗೇ ಅನ್ನುತ್ತೇನೆ ಅಂದೆ. ಮನೆ ಅವರದು.

ಅವನವ್ವ ಮಲ್ಲಿಗಮ್ಮನನ್ನು ಅಲ್ಲಿ ಅರಿಯದವರಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರೆ, ಅವಳಿಗೆ ಮಾತ್ರ ಹಿತ್ತಲಿನದೇ ಮದ್ದು. ದೊಡ್ಡಪತ್ರೆ, ಅಮೃತಬಳ್ಳಿ, ಒಂದೆಲಗ. ಎಲ್ಲಕ್ಕಿಂತ ಮೇಲೆ ಅವಳ ಜೀರಿಗೆ ಕಷಾಯ. ಹುರಿದ ಜೀರಿಗೆ, ಓಂಕಾಳು, ಒಂದು ಚೂರು ಒಣಶುಂಠಿ, ಬೆಲ್ಲ. ಮಗು ಅತ್ತರೆ ಮೇಲಿನ ಬೀದಿಯವರೂ ಹಿತ್ತಲ ಬಾಗಿಲಿಂದ ಲೋಟ ಕಳಿಸುತ್ತಿದ್ದರು. ಮುಂಬಾಗಿಲಲ್ಲಿ ಅವಳನ್ನು ಕೂರಿಸದವರು ಅವಳ ಕಷಾಯವನ್ನು ಒಳಗೆ ತೆಗೆದುಕೊಂಡು ಹೋಗಿ ಕುಡಿಯುತ್ತಿದ್ದರು. ಕೈಗುಣ ಅಂದರೆ ಮಲ್ಲಿಗಮ್ಮನದು ಅನ್ನುವ ಮಾತಿತ್ತು. ನನ್ನ ಅಂಗಡಿಯನ್ನು ಕಂಡರೆ ಅವಳಿಗೆ ಅಷ್ಟಕ್ಕಷ್ಟೆ. "ನಿನ್ ಮಾತ್ರೆ ಎಲ್ಲಾ ಉಷ್ಣ ಕಣವ್ವ, ಕರುಳು ಸುಡ್ತವೆ" ಅಂತ ನನ್ನೆದುರೇ ಹೇಳಿ ಹೋಗಿದ್ದಳು. ನಾನೂ ಸುಮ್ಮನಿರದೆ "ನಿನ್ನ ಕಷಾಯಕ್ಕೆ ಎಕ್ಸ್‌ಪೈರಿ ಡೇಟ್ ಯಾವಾಗ?" ಅಂತ ಕೇಳಿದ್ದೆ. ನಕ್ಕಿದ್ದಳು.

ಮೊದಲ ವಾರ ಶಿವಯ್ಯನಿಗೆ ಓಕರಿಕೆ, ಹೊಟ್ಟೆ ತೊಳಸು. ಈ ಮಾತ್ರೆ ಶುರುವಿನಲ್ಲಿ ಹಾಗೆ ಮಾಡುತ್ತದೆ. ಹೊಟ್ಟೆಯಲ್ಲೂ ಸೆರೊಟೋನಿನ್ ಬೇಕಾದಷ್ಟಿದೆ, ಅಲ್ಲೂ ಏರುಪೇರಾಗುತ್ತದೆ. ಅವ್ವ ನೋಡಿ "ಗ್ಯಾಸ್ಟ್ರಿಕ್ ಮಾತ್ರೆ ತಗೊಂಡು ಗ್ಯಾಸ್ಟ್ರಿಕ್ ಜಾಸ್ತಿಯಾಯ್ತು" ಅಂದಳಂತೆ. ಅಲ್ಲಿಗೆ ಆ ಮಾತ್ರೆಯ ಮಾನ ಅವಳ ಕಣ್ಣಲ್ಲಿ ಹೋಯಿತು. ಶಿವಯ್ಯ ಮಾತ್ರ ಬಿಡಲಿಲ್ಲ. ಪೈಪ್ ತುಂಬಲಿ ಅಂತ ಕಾದ.

ತುಂಬಿತು. ಒಂದು ದಿನ ಅಂಗಡಿಗೆ ಬಂದವನು, "ಮೇಡಂ, ಇವತ್ತು ಸಾರಿಗೆ ಉಪ್ಪು ಕಮ್ಮಿ ಅಂತ ಗೊತ್ತಾಯ್ತು" ಅಂದ. ನನಗೆ ಅರ್ಥವಾಗಲಿಲ್ಲ. "ಎಷ್ಟೋ ದಿನದಿಂದ ಬಾಯ್ಗೆ ಏನಾಕಿದ್ರೂ ಮಣ್ಣು. ಇವತ್ತು ರುಚಿ ಗೊತ್ತಾಯ್ತು. ಭಾನು ಜೊತೆ ಜಗ್ಳಾನೇ ಆಡ್ದೆ" ಅಂತ ನಕ್ಕ. ಆಮೇಲೆ ಮುಖಕ್ಕೆ ಕಳೆ ಬಂತು, ಮೀಸೆ ತಿದ್ದಿಸಿಕೊಂಡ. ಫೋನ್ ಬಂದರೆ ಬೆಚ್ಚದೆ ತೆಗೆಯುತ್ತಿದ್ದ. ಚನ್ನಪ್ಪನವರು ಕೂಗಾಡಿದ ಒಂದು ಬೆಳಿಗ್ಗೆ, "ಬತ್ತದೆ ಇರಿ ಗೌಡ್ರೇ, ನಾನೇನ್ ಮೇಲಿಂದ ಉಯ್ತೀನಾ" ಅಂದನಂತೆ. ಚನ್ನಪ್ಪನವರಿಗೂ ನಗು ಬಂತಂತೆ. ಅವರೇ ಅಂಗಡಿಗೆ ಬಂದಾಗ ಹೇಳಿದರು, ಶುಗರ್ ಮಾತ್ರೆ ತೆಗೆದುಕೊಳ್ಳುತ್ತಾ. ನನಗೆ ಆ ದಿನಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅಷ್ಟು ಚೆನ್ನಾಗಿತ್ತು.

ಅಷ್ಟರಲ್ಲಿ ಭಾನುಪ್ರಿಯಾಳ ತಂಗಿಗೆ ಹೆರಿಗೆಯಾಯಿತು. ತವರು ಅರಕಲಗೂಡಿನ ಕಡೆ. ತಾಯಿ ಇಲ್ಲದ ಮನೆ, ಬಾಣಂತನಕ್ಕೆ ಅಕ್ಕನೇ ಹೋಗಬೇಕು. ಹೋಗುವ ಮುನ್ನ ನನ್ನಿಂದ ಮಾತ್ರೆ ತಂದು ಅತ್ತೆಯ ಕೈಗಿಟ್ಟು, "ರಾತ್ರಿ ಊಟ ಆದ್ಮೇಲೆ ಒಂದು ಗ್ಯಾಸ್ಟ್ರಿಕ್ ಮಾತ್ರೆ ಕೊಡವ್ವ, ಮರೀಬ್ಯಾಡ" ಅಂದಳು. ಮರೆಯುವ ಗಂಡನಿಗಿಂತ ಮರೆಯದ ಅತ್ತೆ ವಾಸಿ ಅಂತ ಅವಳ ಲೆಕ್ಕ. ಅದರಲ್ಲಿ ತಪ್ಪೇನೂ ಇರಲಿಲ್ಲ.

ಮಲ್ಲಿಗಮ್ಮ ಮರೆಯಲೂ ಇಲ್ಲ. ಮಗನಿಗೆ ಊಟ ಬಡಿಸಿ, ಕೈ ತೊಳೆದು ಬಂದವನ ಮುಂದೆ ಮಾತ್ರೆಯ ಬದಲು ಬಿಸಿ ಕಷಾಯದ ಲೋಟ ಇಟ್ಟಳು. "ಗ್ಯಾಸ್ಟ್ರಿಕ್ ವಾಸಿ ಆಯ್ತಲ್ಲ ಕಣ್ಲಾ, ಇನ್ಯಾಕ್ ಅದು? ತಿಂಗ್ಳಾನುಗಟ್ಲೆ ನುಂಗಿದ್ರೆ ಕರುಳು ಏನಾದದು? ಇದ್ ಕುಡಿ ಮಗ."

ಆ ಹೊತ್ತು ಶಿವಯ್ಯ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಎಷ್ಟೋ ದಿನದ ಮೇಲೆ, ಎಲ್ಲಾ ಹೊರಬಿದ್ದಾಗ, ನನ್ನ ಮುಂದೆ ಕೂತು ಅದನ್ನೇ ಮತ್ತೆ ಮತ್ತೆ ಹೇಳಿಕೊಂಡ. "ಏನಂತ ಅನ್ಲಿ ಮೇಡಂ? ಗ್ಯಾಸ್ಟ್ರಿಕ್ ಅಂದಿದ್ದು ನಾನೇಯ. ಗ್ಯಾಸ್ಟ್ರಿಕ್ಕಿಗೆ ಅವ್ವನ ಕಸಾಯಕ್ಕಿಂತ ಬೇಕಾ? ಬ್ಯಾಡ ಅಂದ್ರೆ ಯಾಕ್ಲಾ ಅಂತಾಳೆ. ನನ್ಗೂ ಒಳ್ಗೊಳ್ಗೇ ಅನ್ನುಸ್ತು, ಚೆನ್ನಾಗಿವ್ನಲ್ಲ, ಸಾಕೇನೋ ಅಂತ." ಊರಿಗೆಲ್ಲ ವಾಲ್ವ್ ಹೇಗೆ ಮುಚ್ಚಬೇಕು ಅಂತ ಪಾಠ ಹೇಳುತ್ತಿದ್ದವನು ತನ್ನ ವಾಲ್ವನ್ನು ಒಂದೇ ಏಟಿಗೆ ಮುಚ್ಚಿದ. ಅವ್ವನ ಕೈಯಿಂದ ಲೋಟ ತೆಗೆದುಕೊಂಡು ಕುಡಿದ.

ಮೂರ್ನಾಲ್ಕು ದಿನಕ್ಕೆ ತಲೆ ತಿರುಗು ಶುರುವಾಯಿತು. ಕತ್ತು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. ನಿದ್ದೆಯಲ್ಲಿ ಕೆಟ್ಟ ಕನಸು. ಸುಮ್ಮಸುಮ್ಮನೆ ಸಿಟ್ಟು, ಸಿಟ್ಟಿನ ಹಿಂದೆ ಅಳು. ಇದು ಮಾತ್ರೆ ಏಕಾಏಕಿ ನಿಂತಾಗ ಮೆದುಳು ಮಾಡುವ ರಂಪ. ಒಗ್ಗಿದ ಹದ ತಪ್ಪುತ್ತದೆ, ಹೊಸ ಹದಕ್ಕೆ ಇನ್ನೂ ಬಂದಿರುವುದಿಲ್ಲ. ಇದರ ಜೊತೆಗೆ ಹಳೆಯ ಕತ್ತಲೂ ಹಿಂದಿನಿಂದ ಬರತೊಡಗಿತ್ತು. ಮುದುಡಿದ ಕವಲು ಇನ್ನೂ ಎಳೆಯ ಚಿಗುರು, ಗಟ್ಟಿಯಾಗಿರಲಿಲ್ಲ. ಅವ್ವನಿಗೆ ಕಂಡದ್ದು ಇಷ್ಟೆ, ಮಗನಿಗೆ ಪಿತ್ತ ಕೆರಳಿದೆ. ಕಷಾಯಕ್ಕೆ ಇನ್ನೊಂದು ಹಿಡಿ ಜೀರಿಗೆ ಜಾಸ್ತಿ ಹಾಕಿದಳು. ಭಾನುಪ್ರಿಯಾ ಫೋನ್ ಮಾಡಿದರೆ "ಚೆನ್ನಾಗಿವ್ನಿ" ಅನ್ನುತ್ತಿದ್ದ. ನನ್ನ ಅಂಗಡಿಯ ಕಡೆ ತಲೆಯನ್ನೇ ಹಾಕಲಿಲ್ಲ. ಮಾತ್ರೆ ಮನೆಯಲ್ಲಿದೆ ಅಂದುಕೊಂಡು ನಾನೂ ಇದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ಚನ್ನಪ್ಪನವರ ಮನೆಯಲ್ಲಿ ಏನೋ ಕಾರ್ಯ, ನೆಂಟರು ಬಂದಿದ್ದರು. ಟ್ಯಾಂಕಿನಿಂದ ಮೇಲಿನ ಬೀದಿಗೆ ಹೋಗುವ ದೊಡ್ಡ ವಾಲ್ವ್ ಅವರ ಮನೆಯ ಎದುರಿಗೇ ಇದೆ. ಶಿವಯ್ಯ ಅಲ್ಲಿ ನೀರು ಬಿಟ್ಟು ನಿಂತಿದ್ದ. ಕೆಳಗಿನ ಬೀದಿಯಿಂದ ಫೋನ್, ನೀರಿಲ್ಲ. ಮೇಲಿನ ಬೀದಿಯಿಂದ ಕೂಗು, ಸಾಲದು. ಎರಡೂ ಕಿವಿಯಲ್ಲಿ ಎರಡು ಬೈಗುಳ. ಅವನು ಕೀಲಿ ಹಿಡಿದು, ಎಂದೂ ಮಾಡದ ಕೆಲಸ ಮಾಡಿದ. ಹಲ್ಲು ಕಚ್ಚಿ, ಗರಗರ ಅಂತ ಒಂದೇ ಉಸಿರಿಗೆ ವಾಲ್ವ್ ಮುಚ್ಚಿಬಿಟ್ಟ. ಒಳಗೆ ಓಡುತ್ತಿದ್ದ ನೀರು ಒಮ್ಮೆಗೆ ಬಂದು ಗುದ್ದಿ, ಚನ್ನಪ್ಪನವರ ಅಂಗಳದಲ್ಲಿ ಪೈಪಿನ ಜಾಯಿಂಟ್ ಸಿಡಿಯಿತು. ರಂಗೋಲಿ, ಚಪ್ಪರದ ಜಮಖಾನ, ನೆಂಟರ ಚಪ್ಪಲಿ ಎಲ್ಲಾ ಕೆಸರಲ್ಲಿ ತೇಲಿದವು.

ಚನ್ನಪ್ಪನವರು ಏನೇನೋ ಅಂದರು. ಜಾತಿ ಹಿಡಿದೂ ಒಂದು ಮಾತು ಅಂದರು. ಕೊನೆಗೆ ಅಂದದ್ದು, "ಅಪ್ಪನ್ ಎಸ್ರು ಸುಮ್ನೆ ಇಟ್ಟವ್ರಾ? ಉಚ್ಚನ್ ಮಗ ಉಚ್ಚನೇಯ!" ಶಿವಯ್ಯ ಕೀಲಿ ಎತ್ತಿದ. ಹೊಡೆಯುತ್ತಾನೆ ಅಂತ ಹೆಂಗಸರು ಕಿರುಚಿದರು. ಅವನು ಹೊಡೆಯಲಿಲ್ಲ. ಕೀಲಿಯನ್ನು ಅವರ ಕಾಲ ಬಳಿ ಕೆಸರಿಗೆ ಎಸೆದು, ಫೋನನ್ನೂ ಅದರ ಪಕ್ಕಕ್ಕೆ ಎಸೆದು, ಬೀದಿ ಇಳಿದು ಹೋದ.

ಮಧ್ಯಾಹ್ನವಾದರೂ ಮನೆಗೆ ಬರಲಿಲ್ಲ. ಬೀದಿಯವರು ಬಸ್‌ಸ್ಟ್ಯಾಂಡಿಗೆ ಓಡಿದರು, ಹಾಸನದ ರಸ್ತೆಯಲ್ಲಿ ನೋಡಿದರು, ನನ್ನ ಅಂಗಡಿಗೂ ಬಂದು ಕೇಳಿದರು. ಮಲ್ಲಿಗಮ್ಮ ಯಾರನ್ನೂ ಕೇಳಲಿಲ್ಲ. ಒಲೆಯ ಮೇಲಿದ್ದುದನ್ನು ಹಾಗೇ ಬಿಟ್ಟು, ಬರಿಗಾಲಲ್ಲಿ ನೇರ ಕೆರೆಯ ತೂಬಿಗೆ ಹೋದಳು. ಅವನು ಅಲ್ಲೇ ಇದ್ದ, ಕೊನೆಯ ಮೆಟ್ಟಿಲಲ್ಲಿ, ನೀರಿಗೆ ಕಾಲು ಇಳಿಬಿಟ್ಟುಕೊಂಡು. ಅವಳು ಹಿಂದಿನಿಂದ ಹೋಗಿ ಅವನ ಅಂಗಿಯ ಕಾಲರನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲೇ ಕೂತಳು. ಜನ ಬರುವ ತನಕ ಬಿಡಲಿಲ್ಲ. ಅವಳಿಗೆ ಆ ಜಾಗ ಹೇಗೆ ಹೊಳೆಯಿತು ಅಂತ ಆಗ ಯಾರೂ ಕೇಳಲಿಲ್ಲ. ಬದುಕಿ ಸಿಕ್ಕಿದನಲ್ಲ ಅಂತ ಎಲ್ಲರೂ ಅಂದುಕೊಂಡೆವು.

ಭಾನುಪ್ರಿಯಾ ಓಡಿ ಬಂದಳು. ಮತ್ತೆ ಹಾಸನ, ಮತ್ತೆ ಅದೇ ಡಾಕ್ಟರಮ್ಮ, ಮತ್ತೆ ಮೊದಲಿನಿಂದ ಮಾತ್ರೆ. ಈ ಸಲ ಪೈಪ್ ತುಂಬುವುದು ಇನ್ನೂ ತಡವಾಯಿತು. ಅಷ್ಟರಲ್ಲಿ ಪಂಚಾಯಿತಿಯವರು ಆ ಕೆಲಸಕ್ಕೆ ಚನ್ನಪ್ಪನವರ ಕಡೆಯ ಅರುಣ್‌ಕುಮಾರ್ ಅನ್ನುವವನನ್ನು ಹಾಕಿಕೊಂಡಿದ್ದರು. ಅವನು ಮೋಟಾರನ್ನು ಮನೆಯಲ್ಲಿ ಮಲಗಿಕೊಂಡೇ ಮೊಬೈಲಿನಲ್ಲಿ ಆನ್ ಮಾಡುತ್ತಾನೆ. ತೂಬಿನ ಸಲಾಕೆಯಿಂದ ಮಾಡಿಸಿದ ಆ ಕೀಲಿ ಅವನ ಬೈಕಿನ ಪಕ್ಕಕ್ಕೆ ಕಟ್ಟಿರುತ್ತದೆ. ನನ್ನ ಅಂಗಡಿಯ ಮುಂದೆಯೇ ಎಷ್ಟೋ ಸಲ ಹಾದು ಹೋಗಿದೆ. ಶಿವಯ್ಯ ಈಗ ನನ್ನ ಅಂಗಡಿ ಪಕ್ಕದ ಡೇರಿಯಲ್ಲಿ ಹಾಲಿನ ಕ್ಯಾನ್ ತೊಳೆಯುತ್ತಾನೆ. ಚೆನ್ನಾಗಿದ್ದಾನೆ, ಊಟ ಮಾಡುತ್ತಾನೆ, ತಮಾಷೆಯನ್ನೂ ಮಾಡುತ್ತಾನೆ. ಆದರೆ ಆ ಬೈಕ್ ಹಾದು ಹೋಗುವಾಗ ಕ್ಯಾನ್ ತೊಳೆಯುವ ಪೈಪನ್ನು ಕೆಳಗಿಟ್ಟು ರಸ್ತೆಗೆ ಬೆನ್ನು ಮಾಡಿ ನಿಲ್ಲುತ್ತಾನೆ. ನನಗೆ ಅವನನ್ನು ಆಗ ನೋಡಲಾಗುವುದಿಲ್ಲ.

ಮಾತ್ರೆ ಯಾಕೆ ನಿಂತಿತ್ತು ಅನ್ನುವುದು ಅಲ್ಲಿಯ ತನಕ ನನಗೆ ತಿಳಿದಿರಲಿಲ್ಲ. ಶಿವಯ್ಯ ಹೆಂಡತಿಗೂ ನನಗೂ "ನುಂಗೋದ್ ಮರ್ತೋಯ್ತು" ಅಂದಿದ್ದ. ಅವ್ವನ ಹೆಸರು ಎತ್ತಿರಲಿಲ್ಲ. ಗೊತ್ತಾದದ್ದು ಮಲ್ಲಿಗಮ್ಮ ಒಂದು ಮಧ್ಯಾಹ್ನ ಅಂಗಡಿಗೆ ಬಂದಾಗ. ಸೆರಗಿನ ಗಂಟು ಬಿಚ್ಚಿ ಕೌಂಟರಿನ ಮೇಲೆ ಇಟ್ಟಳು. ಅದೇ ಮಾತ್ರೆ, ಭಾನುಪ್ರಿಯಾ ಕೊಟ್ಟು ಹೋಗಿದ್ದ ಸ್ಟ್ರಿಪ್ಪುಗಳು. ಒಂದೂ ಒಡೆದಿರಲಿಲ್ಲ.

"ಔಸ್ದಿ ಎಸೀಬಾರ್ದು ಅಂತ ಅಕ್ಕಿ ಮಡಕೇಲಿ ಇಟ್ಟಿದ್ದೆ ಕಣವ್ವ. ಕೆಟ್ಟಿಲ್ಲ ಅಂದ್ರೆ ಯಾರಾರ ಬಡವ್ರಿಗೆ ಕೊಡು. ಗ್ಯಾಸ್ಟ್ರಿಕ್ ಇರೋರ್ಗೆ."

ನನಗೆ ಸಿಟ್ಟು ನೆತ್ತಿಗೇರಿತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. "ಇದು ಗ್ಯಾಸ್ಟ್ರಿಕ್ಕಿಗಲ್ಲ, ಮನಸ್ಸಿಗೆ! ಇದನ್ನು ನಿಲ್ಲಿಸಿದ್ದಕ್ಕೇ ನಿನ್ನ ಮಗ ತೂಬಿನ ಹತ್ತಿರ ಹೋಗಿ ಕೂತಿದ್ದು!" ಅಂತ ಹೇಳಿಬಿಟ್ಟೆ. ಬಾಯಿಂದ ಹೋದ ಮಾತು ಹೋಯಿತು. ಅವಳು ಬೆಂಚಿನ ಮೇಲೆ ಮೆಲ್ಲಗೆ ಕೂತಳು. ನನ್ನ ಮುಖ ನೋಡಿ ಕೇಳಿದಳು.

"ನನ್ಗೆ ಯಾಕ್ ಯೋಳ್ನಿಲ್ಲ?"

"ನೀನು ಹೆದರಿಕೊಳ್ಳುತ್ತೀಯ ಅಂತ."

"ನಾನಾ?" ಅಂದಳು. "ಅವ್ರಪ್ಪ ಕಾಲ್ ಜಾರಿ ಬೀಳ್ನಿಲ್ಲ ಕಣವ್ವ. ತೂಬಿನ್ ಮೆಟ್ಲು ಅವ್ರಿಗೆ ಕಣ್ ಕಟ್ಟಿದ್ರೂ ಗೊತ್ತಿತ್ತು. ಆರ್ ತಿಂಗ್ಳಿಂದ ಗೋಡೆ ಕಡೆ ಮಕ ಮಾಡ್ಕಂಡು ಮನಗ್ತಿದ್ರು, ಮಾತಿಲ್ಲ ಕತೆ ಇಲ್ಲ. ನೋಡಿದ್ದೋಳು ನಾನೊಬ್ಳೇಯ. ಮಗ ಎದ್ರುಕೊಂಡಾನು ಅಂತ ಜಾರಿ ಬಿದ್ರು ಅಂತ ಯೋಳ್ದೆ. ಅವ್ನಿಗೂ ಅಂಗೇ ಆಗದೆ ಅಂತ ಒಂದ್ ಮಾತು ಯೋಳಿದ್ರೆ, ಈ ಮಾತ್ರೇನ ದೇವ್ರ ಮುಂದೆ ಮಡಗಿ ಕೊಡ್ತಿದ್ನಲ್ಲವ್ವ."

ಅವಳು ಒಂದು ಸ್ಟ್ರಿಪ್ಪನ್ನು ಎತ್ತಿ, ಓದು ಬರದಿದ್ದರೂ ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಅವ್ರಪ್ಪ ಇದ್ದಾಗ ಇಂತಾ ಮಾತ್ರೆ ಇತ್ತಾ?"

ಇತ್ತು. ಇದೇ ಅಲ್ಲದಿದ್ದರೂ ಇಂಥದು ಇತ್ತು, ಹಾಸನದಲ್ಲೇ ಸಿಗುತ್ತಿತ್ತು. ಇಲ್ಲ ಅನ್ನಬಹುದಾಗಿತ್ತು. ಆ ಮನೆಯಲ್ಲಿ ಆಗಲೇ ಬೇಕಾದಷ್ಟು ಸುಳ್ಳಾಗಿತ್ತು ಅಂತಲೋ ಏನೋ, ಇತ್ತು ಅಂದೆ.

ಅವಳು ತಲೆಯಾಡಿಸಿದಳು. ಮಾತ್ರೆಗಳನ್ನು ನನ್ನ ಕಡೆಗೆ ತಳ್ಳಿ, ಖಾಲಿ ಸೆರಗನ್ನು ಮತ್ತೆ ಗಂಟು ಹಾಕಿದಳು.

"ಅವ್ರೂ ಒಟ್ಟೆವುರಿ ಅಂತಾನೇ ಅಂದಿದ್ರು ಕಣವ್ವ" ಅಂದಳು. "ನಾನು ಜೀರ್ಗೆ ಕಸಾಯ ಕಾಯ್ಸಿ ಕೊಟ್ಟಿದ್ದೆ."